ಹಳೆಯ ಲಾರಿಯ ಎಂಜಿನ್‌ಗೆ ಮಿತ ಖರ್ಚಿನಲ್ಲಿ ಪಿಸ್ಟನ್ ಆಯ್ಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತ ಲಾರಿ ಇಟ್ಟುಕೊಂಡು ಬಾಡಿಗೆ ಓಡಿಸುವವರು ಎಂಜಿನ್ ಬಿಚ್ಚಿಸುವ ಹೊತ್ತಿನಲ್ಲಿ ಕೇಳುವ ಪ್ರಶ್ನೆಗಳಿವು. ಕೈಯಲ್ಲಿ ಹಣ ಕಡಿಮೆ ಇರುತ್ತದೆ, ಲಾರಿ ನಿಂತಷ್ಟು ದಿನ ಕಂತು ಮೈಮೇಲೆ ಬರುತ್ತದೆ. ಆ ಅವಸರದಲ್ಲೇ ತಪ್ಪು ಪಿಸ್ಟನ್ ಕೊಳ್ಳುವುದು ನಡೆಯುತ್ತದೆ. ಉದಾಹರಣೆಗಳನ್ನು ಹೆಚ್ಚಾಗಿ ನಮ್ಮ ರಸ್ತೆಗಳಲ್ಲಿ ಇನ್ನೂ ದುಡಿಯುತ್ತಿರುವ ಟಾಟಾ 697 ಮತ್ತು ಕಮ್ಮಿನ್ಸ್ ಬಿ ಸರಣಿಯ ಎಂಜಿನ್‌ಗಳಿಂದ ತೆಗೆದುಕೊಂಡಿದ್ದೇನೆ. ಬೇರೆ ಎಂಜಿನ್ ಇರುವವರು ಅಂಕಿಗಳನ್ನು ತಮ್ಮ ಎಂಜಿನ್‌ನ ಸರ್ವಿಸ್ ಪುಸ್ತಕದಿಂದಲೇ ತೆಗೆದುಕೊಳ್ಳಬೇಕು.

## ಎಂಜಿನ್ ಬಿಚ್ಚುವ ಮುನ್ನ

ಲಾರಿ ಆಯಿಲ್ ಕುಡಿಯುತ್ತಿದೆ, ಹೊಗೆಯೂ ಬರುತ್ತಿದೆ. ಪಿಸ್ಟನ್ ಹೋಗಿದೆ ಎಂದೇ ಅರ್ಥವೇ?

ಹಾಗೆಂದು ಕೂಡಲೇ ತೀರ್ಮಾನಿಸಬೇಡಿ. ಹೊಗೆಯ ಬಣ್ಣವನ್ನೂ ಅದು ಬರುವ ಹೊತ್ತನ್ನೂ ಗಮನಿಸಿ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ನಾಜಲ್, ಪಂಪ್, ಏರ್ ಫಿಲ್ಟರ್ ನೋಡಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತರೆ ವಾಲ್ವ್ ಗೈಡ್ ಮೇಲೆ ಅನುಮಾನ ಪಡಬೇಕು. ಟರ್ಬೊ ಇದ್ದರೆ ಅದರಿಂದ ಎಂಜಿನ್‌ಗೆ ಗಾಳಿ ಹೋಗುವ ಹೋಸ್ ಬಿಚ್ಚಿ ನೋಡಿ. ಒಳಗೆ ಆಯಿಲ್ ಮಡುಗಟ್ಟಿದ್ದರೆ ಕಳ್ಳ ಅಲ್ಲೇ ಇರಬಹುದು. ಲೋಡಿನಲ್ಲಿ ಏರು ಹತ್ತುವಾಗ ನೀಲಿ ಹೊಗೆ, ಬ್ರೀದರ್ ಪೈಪಿನಿಂದ ರಭಸವಾಗಿ ಹಬೆ, ಬೆಳಗಿನ ಸ್ಟಾರ್ಟಿಗೆ ತಕರಾರು, ಈ ಮೂರೂ ಕೂಡಿ ಬಂದರೆ ರಿಂಗ್ (ಪಿಸ್ಟನ್ನಿನ ಸುತ್ತ ಕೂರುವ ಬಳೆ) ಮತ್ತು ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ರಂಧ್ರ) ಸವೆದಿರುವ ಸಾಧ್ಯತೆಯೇ ಹೆಚ್ಚು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಸಿದ ಮೇಲೆ ಹೆಡ್ ಎತ್ತಿಸಿ.

ನನ್ನದು ಟಾಟಾ 1613. ಅಷ್ಟು ಹೇಳಿದರೆ ಅಂಗಡಿಯವರು ಸರಿಯಾದ ಪಿಸ್ಟನ್ ಕೊಡುವುದಿಲ್ಲವೇ?

ಕೊಡಲಾರರು. 1613 ಎಂಬುದು ಲಾರಿಯ ಹೆಸರು, ಎಂಜಿನ್‌ನ ಹೆಸರಲ್ಲ. ಅದೇ ಹೆಸರಿನ ಲಾರಿಗಳಲ್ಲಿ ಟಾಟಾದ 697 ಎಂಜಿನ್ ಇರುವುದೂ ಉಂಟು, ಕಮ್ಮಿನ್ಸ್‌ನ 6ಬಿಟಿ ಇರುವುದೂ ಉಂಟು. 697ರ ಬೋರ್ 97 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಸಾಗುವ ದೂರ) 128 ಮಿ.ಮೀ., ಒಟ್ಟು 5,675 ಸಿಸಿ. 6ಬಿಟಿಯ ಬೋರ್ 102 ಮಿ.ಮೀ., ಸ್ಟ್ರೋಕ್ 120 ಮಿ.ಮೀ., ಒಟ್ಟು 5,883 ಸಿಸಿ. ಎರಡೂ ಆರು ಸಿಲಿಂಡರ್. ಆದರೆ ಒಂದರ ಪಿಸ್ಟನ್ ಇನ್ನೊಂದರ ಹತ್ತಿರವೂ ಸುಳಿಯುವುದಿಲ್ಲ. ಒಂದೇ ಎಂಜಿನ್‌ನಲ್ಲೂ ಟರ್ಬೊ ಇಲ್ಲದ್ದು, ಟರ್ಬೊ ಇರುವುದು, ಇಂಟರ್‌ಕೂಲರ್ ಕೂಡ ಇರುವುದು ಎಂಬ ಭೇದಗಳಿವೆ. ಆದ್ದರಿಂದ ಎಂಜಿನ್ ಪ್ಲೇಟಿನ ಫೋಟೊ, ಬ್ಲಾಕಿನ ಮೇಲಿನ ಎಂಜಿನ್ ಸಂಖ್ಯೆ ಮತ್ತು ಬಿಚ್ಚಿದ ಪಿಸ್ಟನ್ನಿನ ಮೇಲಿರುವ ಗುರುತುಗಳು, ಈ ಮೂರನ್ನೂ ಕೈಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಸಾಧ್ಯವಾದರೆ ಹಳೆಯ ಪಿಸ್ಟನ್ ಒಂದನ್ನೇ ಒಯ್ಯಿರಿ.

ಕಿಟ್ (ಪಿಸ್ಟನ್, ರಿಂಗ್‌ಗಳ ಸೆಟ್) ಮೊದಲೇ ತಂದಿಟ್ಟುಕೊಂಡರೆ ಕೆಲಸ ಬೇಗ ಮುಗಿಯುವುದಿಲ್ಲವೇ?

ಇಡೀ ಕೆಲಸದಲ್ಲಿ ಹಣ ಹೆಚ್ಚು ಪೋಲಾಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ. ಹಳೆಯ ಲಾರಿಯಾದರೆ ನಿಮಗಿಂತ ಹಿಂದಿನ ಮಾಲೀಕರು ಒಮ್ಮೆ ಬೋರ್ ಹೊಡೆಸಿರಬಹುದು, ಲೈನರ್ ಹಾಕಿಸಿರಬಹುದು. ಹೊರಗಿನಿಂದ ಅದು ತಿಳಿಯುವುದಿಲ್ಲ. ಸ್ಟ್ಯಾಂಡರ್ಡ್ ಸೈಜ್ ಎಂದುಕೊಂಡು ಆರು ಪಿಸ್ಟನ್ ತಂದು, ಬಿಚ್ಚಿ ನೋಡಿದಾಗ ಒಳಗೆ 0.50 (ಸ್ಟ್ಯಾಂಡರ್ಡಿಗಿಂತ ಅರ್ಧ ಮಿ.ಮೀ. ದೊಡ್ಡದು) ಕೂತಿದ್ದರೆ ಆ ಪೆಟ್ಟಿಗೆಗಳನ್ನು ಏನು ಮಾಡುತ್ತೀರಿ? ಸೀಲ್ ಒಡೆದ ಮಾಲನ್ನು ಹಿಂದಕ್ಕೆ ಪಡೆಯುವ ಅಂಗಡಿ ಸಿಗುವುದು ಕಷ್ಟ. ಬಿಚ್ಚಿ, ತೊಳೆದು, ಅಳೆದು, ಸೈಜ್ ತೀರ್ಮಾನಿಸಿ ಆಮೇಲೆ ಕೊಳ್ಳಿ. ಇದಕ್ಕೆ ಹಿಡಿಯುವ ಹೆಚ್ಚುವರಿ ಸಮಯ ಒಂದು ದಿನ, ಹೆಚ್ಚೆಂದರೆ ಎರಡು.

ಇಷ್ಟು ಹಳೆಯ ಲಾರಿಗೆ ಹಣ ಹಾಕುವುದು ಸರಿಯೇ?

ಬ್ಲಾಕ್ ಸೀಳಿಲ್ಲ, ಕ್ರ್ಯಾಂಕ್ ಇನ್ನೊಂದು ಬಾರಿ ಗ್ರೈಂಡ್ ಮಾಡಿಸುವಷ್ಟು ಉಳಿದಿದೆ, ಚಾಸಿ ಗಟ್ಟಿಯಿದೆ ಎಂದಾದರೆ ಸರಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಕ್ರ್ಯಾಂಕ್ ಕೊನೆಯ ಸೈಜಿಗೆ ಬಂದು, ಬ್ಲಾಕಿಗೂ ವೆಲ್ಡಿಂಗ್ ಆಗಿದ್ದರೆ ಪಿಸ್ಟನ್ ವಿಚಾರ ಬಿಟ್ಟು ಬೇರೆ ಎಂಜಿನ್ ಹುಡುಕುವುದೇ ಅಗ್ಗ.

## ಅಳತೆ ಮತ್ತು ಸೈಜ್

ಲೈನರ್ ಇರುವ ಎಂಜಿನ್, ಇಲ್ಲದ ಎಂಜಿನ್ ಎನ್ನುತ್ತಾರೆ. ಖರ್ಚಿನಲ್ಲಿ ಏನು ವ್ಯತ್ಯಾಸ?

ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ನೇರವಾಗಿ ಬ್ಲಾಕಿನ ಎರಕದಲ್ಲೇ ಓಡುತ್ತದೆ. ಕಮ್ಮಿನ್ಸ್ ಬಿ ಸರಣಿ ಈ ಬಗೆಯದು. ಇಲ್ಲಿ ಬೋರ್ ಸವೆದರೆ ಬ್ಲಾಕನ್ನೇ ಬೋರ್ ಹೊಡೆಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು. ಕೊನೆಯ ಸೈಜೂ ಮುಗಿದರೆ ರಿಪೇರಿ ಲೈನರ್ ಕೂರಿಸಿ ಮತ್ತೆ ಸ್ಟ್ಯಾಂಡರ್ಡಿಗೆ ಬರಬಹುದು.

ಡ್ರೈ ಲೈನರ್ ಎಂದರೆ ಬ್ಲಾಕಿನೊಳಗೆ ಕೂರುವ ತೆಳುವಾದ ಕೊಳವೆ; ಅದಕ್ಕೆ ನೀರು ತಾಗುವುದಿಲ್ಲ. ಇದನ್ನು ಕೊಳ್ಳುವಾಗ ಪೂರ್ತಿ ಫಿನಿಶ್ ಆದದ್ದೋ ಅರೆ ಫಿನಿಶ್ ಆದದ್ದೋ ಎಂದು ಕೇಳಲೇಬೇಕು. ಅರೆ ಫಿನಿಶ್ ಲೈನರನ್ನು ಪ್ರೆಸ್ ಮಾಡಿದ ಮೇಲೆ ಬೋರಿಂಗ್, ಹೋನಿಂಗ್ (ಬೋರಿನ ಒಳಮೈಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸುವುದು) ಎರಡೂ ಆಗಬೇಕು. ಲೈನರ್ ಅಗ್ಗ ಎನಿಸಿದರೂ ಲೇಥ್ ಕೂಲಿ ಸೇರುತ್ತದೆ. ವೆಟ್ ಲೈನರಿನ ಹೊರಮೈಗೆ ಕೂಲಂಟ್ ನೇರವಾಗಿ ತಾಗುತ್ತದೆ. ಕಮ್ಮಿನ್ಸ್ ಸಿ ಸರಣಿಯಲ್ಲಿ ಹೀಗಿದೆ. ಅದನ್ನು ಕೈಯಲ್ಲೇ ಬದಲಿಸಬಹುದಾದ್ದರಿಂದ ಬೋರಿಂಗ್ ಕೂಲಿ ಉಳಿಯುತ್ತದೆ. ಆದರೆ ಲೈನರಿನ ಅಂಚು ಬ್ಲಾಕಿನಿಂದ ಎಷ್ಟು ಮೇಲೆದ್ದಿದೆ ಎಂಬುದನ್ನು ಡಯಲ್ ಗೇಜಿನಿಂದ ನೋಡದೆ ಹೆಡ್ ಬಿಗಿದರೆ ಗ್ಯಾಸ್ಕೆಟ್ ಹಾರಿಹೋಗುತ್ತದೆ.

ಬೋರ್ ಎಷ್ಟು ಸವೆದಿದ್ದರೆ ಬರೀ ರಿಂಗ್ ಹಾಕಿ ಮುಗಿಸಬಹುದು?

ಬೆರಳಾಡಿಸಿ ಹೇಳುವ ಉತ್ತರವನ್ನು ಒಪ್ಪಬೇಡಿ. ಬೋರ್ ಗೇಜಿನಿಂದ ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಅಳೆಯಬೇಕು. ಪ್ರತಿ ಎತ್ತರದಲ್ಲೂ ಎಂಜಿನ್‌ನ ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ. ಹೆಚ್ಚು ಸವೆಯುವುದು ಮೇಲಿನ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ. ಅಲ್ಲಿ ಶಾಖ, ಒತ್ತಡ ಎರಡೂ ಹೆಚ್ಚು, ಆಯಿಲ್ ಕಡಿಮೆ.

ಕಮ್ಮಿನ್ಸ್ ಬಿ ಸರಣಿಯ 102 ಮಿ.ಮೀ. ಬೋರಿಗೆ ಸವೆತದ ಮಿತಿ 102.116 ಮಿ.ಮೀ. ದುಂಡಗಿನ ಆಕಾರ ತಪ್ಪಿರುವುದು 0.038 ಮಿ.ಮೀ., ಮೇಲಿನಿಂದ ಕೆಳಕ್ಕೆ ವ್ಯತ್ಯಾಸ 0.076 ಮಿ.ಮೀ. ದಾಟಬಾರದು. ಈ ಮೂರರೊಳಗೆ ಇದ್ದು, ಪಿಸ್ಟನ್ ಕೂಡ ಚೆನ್ನಾಗಿದ್ದರೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕುವುದು ನ್ಯಾಯವಾದ ಉಳಿತಾಯ. ದಾಟಿದ್ದರೆ ಹೊಸ ರಿಂಗ್ ಹೆಚ್ಚು ದಿನ ಕಾಪಾಡುವುದಿಲ್ಲ. ಕಾರಣ ಸರಳ ಲೆಕ್ಕ: ಬೋರಿನ ವ್ಯಾಸ 0.1 ಮಿ.ಮೀ. ಹಿಗ್ಗಿದರೆ ಅದರ ಸುತ್ತಳತೆ 0.3 ಮಿ.ಮೀ.ಗೂ ಸ್ವಲ್ಪ ಹೆಚ್ಚು ಹಿಗ್ಗುತ್ತದೆ, ರಿಂಗಿನ ಬಾಯಿ ಅಷ್ಟೇ ತೆರೆದುಕೊಳ್ಳುತ್ತದೆ. ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿನಲ್ಲಿ ಆ ರಿಂಗ್ ಪ್ರತಿ ಸುತ್ತಿಗೂ ಹಿಗ್ಗಿ ಕುಗ್ಗಿ, ಪಿಸ್ಟನ್ನಿನಲ್ಲಿ ತಾನು ಕೂರುವ ಗ್ರೂವನ್ನೂ (ತೋಡನ್ನೂ) ತಿನ್ನುತ್ತದೆ.

0.50 ಹಾಕಿಸಲೋ, ಒಮ್ಮೆಗೇ 1.00 ಹಾಕಿಸಿಬಿಡಲೋ?

ಸವೆತ ಪೂರ್ತಿ ಅಳಿಸಿಹೋಗುವ ಅತಿ ಚಿಕ್ಕ ಸೈಜ್ ಯಾವುದೋ ಅದು. ಲೋಹವನ್ನು ಒಮ್ಮೆ ತೆಗೆದರೆ ಮರಳಿ ಇಡಲಾಗದು, 0.50ರಲ್ಲಿ ಮುಗಿದರೆ ಮುಂದಿನ ಬಾರಿಗೆ 1.00 ಉಳಿದಿರುತ್ತದೆ. ದೊಡ್ಡ ಪಿಸ್ಟನ್ ಹಾಕಿದರೆ ಎಳೆತ ಹೆಚ್ಚುತ್ತದೆ ಎಂಬ ಮಾತು ನಂಬುವಂಥದ್ದಲ್ಲ. 102ರಿಂದ 103 ಮಿ.ಮೀ.ಗೆ ಹೋದರೆ ಸಿಸಿ ಹೆಚ್ಚುವುದು ಶೇ 2ರಷ್ಟು ಮಾತ್ರ.

ಸೈಜನ್ನು ಅತಿ ಹೆಚ್ಚು ಸವೆದ ಸಿಲಿಂಡರ್ ನೋಡಿ ತೀರ್ಮಾನಿಸಿ, ಆರನ್ನೂ ಅದೇ ಸೈಜಿಗೆ ತನ್ನಿ. ಕ್ರಮವೂ ಮುಖ್ಯ. ಪಿಸ್ಟನ್ ಕೈಗೆ ಬಂದ ಮೇಲೆ ಬೋರ್ ಹೊಡೆಸಬೇಕು. ಪೆಟ್ಟಿಗೆಯ ಮೇಲೆ 0.50 ಎಂದಿದ್ದರೂ ಒಂದೊಂದು ಪಿಸ್ಟನ್ ನಡುವೆ ನೂಲೆಳೆಯ ವ್ಯತ್ಯಾಸ ಇರುತ್ತದೆ. ಒಳ್ಳೆಯ ಬೋರಿಂಗ್ ಅಂಗಡಿಯವರು ಪ್ರತಿ ಪಿಸ್ಟನ್ ಅಳೆದು, ಸಿಲಿಂಡರಿನ ಸಂಖ್ಯೆ ಬರೆದು, ಅದರದರ ಬೋರನ್ನು ಅದಕ್ಕೇ ಹೊಂದಿಸುತ್ತಾರೆ. ಪಿಸ್ಟನ್ ನೋಡದೆಯೇ ಬೋರ್ ಹೊಡೆದುಕೊಡುತ್ತೇನೆ ಎನ್ನುವವರ ಹತ್ತಿರ ಬ್ಲಾಕ್ ಇಳಿಸಬೇಡಿ.

ಆರರಲ್ಲಿ ಒಂದೇ ಪಿಸ್ಟನ್ ಕೆಟ್ಟಿದೆ. ಉಳಿದ ಐದನ್ನೂ ಎಸೆಯಬೇಕೇ?

ಬೇಕಿಲ್ಲ. ಉಳಿದವುಗಳ ಅಳತೆ ಸರಿಯಿದ್ದರೆ ಒಂದನ್ನೇ ಬದಲಿಸಬಹುದು. ಅದೇ ತಯಾರಕರ, ಅದೇ ಪಾರ್ಟ್ ಸಂಖ್ಯೆಯ, ಅದೇ ಸೈಜಿನ ಪಿಸ್ಟನ್ ತಂದು ಎಲ್ಲವನ್ನೂ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ. ಒಂದು ಸೆಟ್ಟಿನೊಳಗೆ ವ್ಯತ್ಯಾಸ ಕೆಲವೇ ಗ್ರಾಂ ಇರಬೇಕು. ಬೇರೆ ಬ್ರ್ಯಾಂಡಿನದು ಒಂದನ್ನು ಸೇರಿಸಿದರೆ ತೂಕ ತಪ್ಪಿ ಎಂಜಿನ್ ನಡುಗುತ್ತದೆ, ಬೇರಿಂಗಿಗೂ ಪೆಟ್ಟು ಬೀಳುತ್ತದೆ.

## ಅಂಗಡಿಯಲ್ಲಿ

ಕಂಪನಿಯ ಪಿಸ್ಟನ್ ದುಬಾರಿ. ಹೊರಗಿನ ಬ್ರ್ಯಾಂಡ್ ಬಾಳಿಕೆ ಬರುತ್ತದೆಯೇ?

ಲಾರಿ ತಯಾರಕರ ಹೆಸರಿನ ಪೆಟ್ಟಿಗೆಯಲ್ಲಿ ಬರುವ ಪಿಸ್ಟನ್‌ಗಳನ್ನು ಸಾಮಾನ್ಯವಾಗಿ ಪಿಸ್ಟನ್ ಮಾಡುವುದನ್ನೇ ಕಸುಬಾಗಿಸಿಕೊಂಡ ಕಾರ್ಖಾನೆಗಳು ತಯಾರಿಸಿಕೊಡುತ್ತವೆ. ಚೆನ್ನೈನ ಇಂಡಿಯಾ ಪಿಸ್ಟನ್ಸ್ 1949ರಿಂದ ಈ ಕೆಲಸದಲ್ಲಿದೆ. ಗಾಜಿಯಾಬಾದಿನ ಶ್ರೀರಾಮ್ ಪಿಸ್ಟನ್ಸ್, ಬೆಂಗಳೂರಿನ ಯಲಹಂಕದಲ್ಲೂ ಕಾರ್ಖಾನೆ ಇರುವ ಗೊಯೆಟ್ಸ್ ಕೂಡ ವಾಹನ ತಯಾರಕರಿಗೆ ಮಾಲು ಒದಗಿಸುವಂಥವೇ. ಇಂಥ ಕಾರ್ಖಾನೆಗಳು ತಮ್ಮದೇ ಹೆಸರಿನಲ್ಲಿ ಅಂಗಡಿಗೆ ಬಿಡುವ ಪಿಸ್ಟನ್, ನಿಮ್ಮ ಎಂಜಿನ್‌ಗೆ ಸರಿಯಾದ ಪಾರ್ಟ್ ಸಂಖ್ಯೆಯದ್ದಾದರೆ, ಮಿತ ಬಜೆಟ್ಟಿನ ಕೆಲಸಕ್ಕೆ ನನ್ನ ಮೊದಲ ಆಯ್ಕೆ.

ಮೂರನೆಯ ಬಗೆಯೊಂದಿದೆ: ಗೊತ್ತಿಲ್ಲದ ಹೆಸರು, ತೀರಾ ಕಡಿಮೆ ಬೆಲೆ. ಅದು ಬೇಡ. ಪಿಸ್ಟನ್ ಕೆಟ್ಟರೆ ನಷ್ಟ ಪಿಸ್ಟನ್ನಿನ ಬೆಲೆಯಷ್ಟೇ ಅಲ್ಲ. ಬೋರಿಂಗ್ ಕೂಲಿ, ಗ್ಯಾಸ್ಕೆಟ್ ಸೆಟ್, ಆಯಿಲ್, ಮೆಕ್ಯಾನಿಕ್ ಕೂಲಿ, ನಿಂತ ದಿನಗಳ ಬಾಡಿಗೆ ಎಲ್ಲವೂ ಇನ್ನೊಮ್ಮೆ.

ಡುಪ್ಲಿಕೇಟ್ ಮಾಲನ್ನು ಗುರುತಿಸುವುದು ಹೇಗೆ?

ಹೊಲೊಗ್ರಾಮ್ ನೋಡಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹೊಲೊಗ್ರಾಮನ್ನೂ ನಕಲು ಮಾಡುತ್ತಾರೆ. ಪಿಸ್ಟನ್ನನ್ನೇ ಓದಬೇಕು. ಡೀಸೆಲ್ ಲಾರಿಯ ಅಲ್ಯೂಮಿನಿಯಂ ಪಿಸ್ಟನ್‌ಗಳಲ್ಲಿ ಸಾಮಾನ್ಯವಾಗಿ ಮೇಲಿನ ರಿಂಗಿನ ಗ್ರೂವಿಗೆ ನಿಕ್ಕಲ್ ಬೆರೆತ ಎರಕದ ಕಬ್ಬಿಣದ ಬಳೆಯನ್ನು ಎರಕದಲ್ಲೇ ಬೆಸೆದಿರುತ್ತಾರೆ. ಬೆಳಕಿಗೆ ಹಿಡಿದರೆ ಅಲ್ಯೂಮಿನಿಯಂಗಿಂತ ಬೇರೆ ಬಣ್ಣದ ಪಟ್ಟಿಯಾಗಿ ಅದು ಸುತ್ತಲೂ ಕಾಣುತ್ತದೆ. ಹಳೆಯ ಪಿಸ್ಟನ್ನಿನಲ್ಲಿ ಆ ಪಟ್ಟಿ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಹಿಂದಕ್ಕೆ ಕೊಡಿ. ಅದಿಲ್ಲದಿದ್ದರೆ ಮೃದುವಾದ ಅಲ್ಯೂಮಿನಿಯಂ ಗ್ರೂವನ್ನು ಮೇಲಿನ ರಿಂಗ್ ಬೇಗ ಅಗಲ ಮಾಡಿಬಿಡುತ್ತದೆ. ಬಳೆ ಮತ್ತು ಅಲ್ಯೂಮಿನಿಯಂ ಸೇರುವ ಗೆರೆಯಲ್ಲಿ ಸಂದು ಕಂಡರೂ ಹಿಂದಕ್ಕೆ.

ಗಜನ್ ಪಿನ್ನಿಗೆ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ತುಸು ಆಯಿಲ್ ಸವರಿ ಹೆಬ್ಬೆರಳಿನಿಂದ ಒತ್ತಿ. ಪಿನ್ ತೇಲುವ ಬಗೆಯ ಪಿಸ್ಟನ್ನಿನಲ್ಲಿ ಅದು ಒಂದೇ ಸಮನಾಗಿ, ಅಲ್ಲಾಡದೆ ಒಳಗೆ ಸರಿಯಬೇಕು. ಕೆಲವು ಪಿಸ್ಟನ್‌ಗಳಲ್ಲಿ ಸ್ವಲ್ಪ ಬಿಸಿ ಮಾಡಿದ ಮೇಲಷ್ಟೇ ಸರಿಯುತ್ತದೆ. ಅಂಚುಗಳಲ್ಲಿ ಚೂಪಾದ ಮುಳ್ಳು ಇರಬಾರದು. ತಲೆಯ ಮೇಲಿನ ಸೈಜ್, ಮುಂಭಾಗದ ಬಾಣದ ಗುರುತು ಸ್ಪಷ್ಟವಾಗಿರಬೇಕು. ಆರನ್ನೂ ತೂಗಿಸಿ.

ಕೊನೆಯದಾಗಿ, ಬಿಲ್ಲು ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಳ್ಳುವ ಆಸೆಗೆ ಈಗ ಮೊದಲಿನಷ್ಟು ಕಾರಣವೂ ಇಲ್ಲ. ಪಾರ್ಟ್ ಸಂಖ್ಯೆ ಬರೆದ ಬಿಲ್ಲಿಲ್ಲದಿದ್ದರೆ ಮಾಲು ಕೆಟ್ಟಾಗ ಕೇಳುವ ಬಾಯಿಯೇ ಇರುವುದಿಲ್ಲ.

ಫೋರ್ಜ್ಡ್ ಪಿಸ್ಟನ್ ಗಟ್ಟಿಯಂತೆ. ಸ್ವಲ್ಪ ಹೆಚ್ಚು ಕೊಟ್ಟು ಅದನ್ನೇ ಹಾಕಿಸಲೇ?

ಬೇಡ. ಎಂಜಿನ್ ಯಾವುದಕ್ಕೆ ವಿನ್ಯಾಸವಾಗಿದೆಯೋ ಅದೇ ಬಗೆಯದು ಸಾಕು. ಎರಕದ ಪಿಸ್ಟನ್ನಿನ ಮಿಶ್ರಲೋಹದಲ್ಲಿ ಸುಮಾರು ಶೇ 12ರಷ್ಟು ಸಿಲಿಕಾನ್ ಇರುವುದರಿಂದ ಅದು ಬಿಸಿಗೆ ಕಡಿಮೆ ಹಿಗ್ಗುತ್ತದೆ. ಪಂದ್ಯದ ಎಂಜಿನ್‌ಗಳಿಗೆ ಬಳಸುವ ಫೋರ್ಜ್ಡ್ ಮಿಶ್ರಲೋಹ ಹೆಚ್ಚು ಹಿಗ್ಗುವುದರಿಂದ ಸಡಿಲವಾಗಿ ಕೂರಿಸಬೇಕು, ತಣ್ಣಗಿದ್ದಾಗ ಬಡಿಯುತ್ತದೆ. ಆ ಹಣವನ್ನು ನಾಜಲ್ ಮತ್ತು ಪಂಪ್ ಕ್ಯಾಲಿಬ್ರೇಷನ್‌ಗೆ ಇಡಿ.

ಹಳೆಯ ಪಿಸ್ಟನ್‌ಗಳೇ ಚೆನ್ನಾಗಿ ಕಾಣುತ್ತಿವೆ. ಮತ್ತೆ ಬಳಸಲೇ?

ಕಾಣುವುದರಿಂದ ಹೇಳಲಾಗದು. ಗ್ರೂವಿನ ಇಂಗಾಲವನ್ನು ಮುರಿದ ರಿಂಗಿನ ತುಂಡಿನಿಂದ ಮೆಲ್ಲನೆ ಕೆರೆದು ತೆಗೆಯಿರಿ. ವೈರ್ ಬ್ರಷ್ ತಾಗಿಸಬೇಡಿ. ಹೊಸ ರಿಂಗ್ ಇಟ್ಟು ಫೀಲರ್ ಗೇಜಿನಿಂದ ಪಕ್ಕದ ಸಂದು ನೋಡಿ. ಅದು ಪುಸ್ತಕದ ಮಿತಿಯೊಳಗಿದ್ದು, ಸ್ಕರ್ಟಿನ (ರಿಂಗ್‌ಗಳ ಕೆಳಗಿನ ಪಿಸ್ಟನ್ ಮೈ) ಅಳತೆ ಸರಿಯಿದ್ದು, ತಲೆಯ ಗುಳಿಯ ಅಂಚಿನಲ್ಲಿ ಮತ್ತು ಪಿನ್ ರಂಧ್ರದ ಸುತ್ತ ಕೂದಲಿನಂಥ ಬಿರುಕು ಇಲ್ಲದಿದ್ದರೆ ಬಳಸಿ. ಸವೆದ ಸ್ಕರ್ಟಿಗೆ ಗೀರು ಹೊಡೆಸಿ ದಪ್ಪ ಮಾಡಿಸುವುದು ಲೋಡ್ ಹೊರುವ ಲಾರಿಗೆ ತಕ್ಕದ್ದಲ್ಲ. ಗುಜರಿಯಲ್ಲಿ ಸಿಕ್ಕ, ಹಿಂದೆ ಎಲ್ಲಿ ಓಡಿದೆಯೋ ತಿಳಿಯದ ಪಿಸ್ಟನ್ ಬೇಡವೇ ಬೇಡ.

## ಇನ್ನಷ್ಟು ಆಳಕ್ಕೆ

ವ್ಯಾಸ ಸರಿಯಿದೆ, ಆದರೆ ತಲೆಯ ಗುಳಿ ಬೇರೆ ಆಕಾರದಲ್ಲಿದೆ. ಪರವಾಗಿಲ್ಲವೇ?

ಇದು ಖಂಡಿತ ಆಗದು. ಡೀಸೆಲ್ ಎಂಜಿನ್‌ನಲ್ಲಿ ಆ ಗುಳಿಯೇ ಉರಿಯುವ ಕೋಣೆ. ನಾಜಲಿನ ಸಿಂಪಡಣೆಯ ಕೋನ, ಗಾಳಿಯ ಸುಳಿ, ಕಂಪ್ರೆಷನ್ ಪ್ರಮಾಣ ಎಲ್ಲವೂ ಅದಕ್ಕೆ ಹೊಂದಿಕೊಂಡಿರುತ್ತವೆ. ಬೇರೆ ಗುಳಿಯ ಪಿಸ್ಟನ್ ಹಾಕಿದರೆ ಡೀಸೆಲ್ ತಪ್ಪು ಜಾಗಕ್ಕೆ ಬಿದ್ದು ಹೊಗೆ, ಬಡಿತ, ಕೊನೆಗೆ ತಲೆ ಕರಗುವವರೆಗೂ ಹೋಗಬಹುದು. ಪಿನ್ನಿನ ನಡುವಿನಿಂದ ತಲೆಯವರೆಗಿನ ಎತ್ತರ, ಪಿನ್ನಿನ ದಪ್ಪ, ವಾಲ್ವ್‌ಗೆ ಬಿಟ್ಟ ತಗ್ಗು, ಇವನ್ನೂ ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಿ. ಕೆಳಗಿನಿಂದ ಆಯಿಲ್ ಚಿಮ್ಮಿಸಿ ತಂಪು ಮಾಡುವ ನಳಿಕೆಗಳಿರುವ ಎಂಜಿನ್ ಆದರೆ, ಸ್ಕರ್ಟಿನಲ್ಲಿ ಆ ನಳಿಕೆಗೆ ಬಿಟ್ಟ ಕಚ್ಚು ಇದೆಯೇ ನೋಡಬೇಕು. ಇಲ್ಲದಿದ್ದರೆ ಮೊದಲ ಸುತ್ತಿನಲ್ಲೇ ನಳಿಕೆ ಮುರಿಯುತ್ತದೆ.

ರಿಂಗ್ ಸೆಟ್ ಬೇರೆ ಬ್ರ್ಯಾಂಡಿನದು ಅಗ್ಗಕ್ಕೆ ಸಿಗುತ್ತಿದೆ. ಹಾಕಬಹುದೇ?

ಗ್ರೂವಿನ ಆಕಾರ ಹೊಂದಿದರೆ ಹಾಕಬಹುದು. ಹಲವು ಡೀಸೆಲ್ ಪಿಸ್ಟನ್‌ಗಳ ಮೇಲಿನ ಗ್ರೂವ್ ಓರೆಯಾಗಿರುತ್ತದೆ, ಅದಕ್ಕೆ ಓರೆ ರಿಂಗೇ ಬೇಕು. ಇಂಗಾಲ ಕಟ್ಟಿ ರಿಂಗ್ ಅಂಟದಿರಲಿ ಎಂದು ಆ ಏರ್ಪಾಡು. ಚಪ್ಪಟೆ ರಿಂಗ್ ಅಲ್ಲಿ ಕೂತಂತೆ ಕಂಡರೂ ಕೆಲಸ ಮಾಡದು. ಕ್ರೋಮ್ ಲೇಪಿಸಿದ ಲೈನರಿಗೆ ಕ್ರೋಮ್ ರಿಂಗ್ ಹಾಕಬಾರದು. ಪ್ರತಿ ರಿಂಗನ್ನೂ ಅದರ ಬೋರಿನಲ್ಲೇ ಇಟ್ಟು ಬಾಯಿಯ ಸಂದು ಅಳೆಯಿರಿ. ಕಮ್ಮಿನ್ಸ್ ಬಿ ಸರಣಿಯಲ್ಲಿ ಮೇಲಿನದಕ್ಕೆ 0.40ರಿಂದ 0.70, ಉಳಿದೆರಡಕ್ಕೆ 0.25ರಿಂದ 0.55 ಮಿ.ಮೀ.

ಬೋರಿಂಗ್ ಅಂಗಡಿಯವರು ಟೈಟ್ ಇಟ್ಟರೆ ಹೆಚ್ಚು ಕಾಲ ಬಾಳುತ್ತದೆ ಎನ್ನುತ್ತಾರೆ. ನಿಜವೇ?

ಅಪಾಯದ ಮಾತು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದೆ. 100 ಮಿ.ಮೀ. ವ್ಯಾಸದ ಎರಡೂ ಲೋಹಗಳು 100 ಡಿಗ್ರಿ ಹೆಚ್ಚು ಬಿಸಿಯಾದರೆ ಕಬ್ಬಿಣ ಸುಮಾರು 0.11 ಮಿ.ಮೀ. ಹಿಗ್ಗುವಾಗ ಅಲ್ಯೂಮಿನಿಯಂ ಸುಮಾರು 0.22 ಹಿಗ್ಗುತ್ತದೆ. ಅದರ ಮೇಲೆ ಪಿಸ್ಟನ್ ಬೋರಿಗಿಂತ ಹೆಚ್ಚೇ ಬಿಸಿಯಾಗುತ್ತದೆ. ಶಿರಾಡಿ ಘಾಟಿಯನ್ನು ಫುಲ್ ಲೋಡಿನಲ್ಲಿ ಹತ್ತುವಾಗ ಟೈಟ್ ಇಟ್ಟ ಪಿಸ್ಟನ್‌ಗೆ ಹಿಗ್ಗಲು ಜಾಗವಿರುವುದಿಲ್ಲ.

ಅಳೆಯುವ ಜಾಗದಲ್ಲೂ ತಪ್ಪಾಗುತ್ತದೆ. ಪಿಸ್ಟನ್ ಪೂರ್ತಿ ದುಂಡಗಿಲ್ಲ, ತಲೆಯ ಹತ್ತಿರ ಕಿರಿದು. ಪಿನ್ನಿಗೆ ಅಡ್ಡವಾಗಿ, ಸ್ಕರ್ಟಿನ ಮೇಲೆ ತಯಾರಕರು ಹೇಳಿದ ಎತ್ತರದಲ್ಲಿ ಮೈಕ್ರೊಮೀಟರ್ ಹಿಡಿಯಬೇಕು. ಎಷ್ಟು ಸಂದು ಬಿಡಬೇಕು ಎಂಬುದು ಪಿಸ್ಟನ್ ಪೆಟ್ಟಿಗೆಯಲ್ಲಿರುವ ಚೀಟಿಯಲ್ಲಿರುತ್ತದೆ. ಚೀಟಿಯನ್ನು ಬೋರಿಂಗ್ ಅಂಗಡಿಗೆ ಕೊಡಿ.

ಬ್ಲಾಕ್ ಫೇಸಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಮಾಡಿಸಿದ ಮೇಲೆ ಪಿಸ್ಟನ್ ವಾಲ್ವ್‌ಗೆ ತಾಗುತ್ತಿದೆ. ಏನು ಮಾಡಲಿ?

ಬ್ಲಾಕಿನ ಮೇಲ್ಮೈ ಎಷ್ಟು ಇಳಿಯಿತೋ ಪಿಸ್ಟನ್ ಅಷ್ಟು ಮೇಲೆ ಬರುತ್ತದೆ. ಪಿಸ್ಟನ್ ತುದಿಗೆ ಬಂದಾಗ ಬ್ಲಾಕಿನಿಂದ ಎಷ್ಟು ಮೇಲೆದ್ದಿದೆ ಎಂದು ಡಯಲ್ ಗೇಜಿನಿಂದ ಆರು ಕಡೆಯೂ ನೋಡಿ. ಮಿತಿ ಮೀರಿದ್ದರೆ ದಪ್ಪ ಹೆಡ್ ಗ್ಯಾಸ್ಕೆಟ್, ಇಲ್ಲವೇ ಎತ್ತರ ಕಡಿಮೆ ಇರುವ ಪಿಸ್ಟನ್ ಆ ಎಂಜಿನ್‌ಗೆ ಸಿಗುತ್ತದೆಯೇ ಕೇಳಿ. ಪಿಸ್ಟನ್ನಿನ ತಲೆಯನ್ನು ಲೇಥ್‌ನಲ್ಲಿ ಕೆತ್ತಿಸುವುದು ಬೇಡ. ಗುಳಿಯ ಆಳವೂ ತಲೆಯ ದಪ್ಪವೂ ಕೆಡುತ್ತವೆ.

ಹೊಸ ಕಿಟ್ ಹಾಕಿ ಸ್ವಲ್ಪ ದಿನಕ್ಕೇ ಮತ್ತೆ ಹಾಳಾಯಿತು. ಪಿಸ್ಟನ್ ಕಳಪೆಯೇ?

ಇರಬಹುದು. ಆದರೆ ಕೆಟ್ಟ ಪಿಸ್ಟನ್ ತನಗೇನಾಯಿತು ಎಂಬುದನ್ನು ತಾನೇ ಹೇಳುತ್ತದೆ, ಅದನ್ನು ಎಸೆಯುವ ಮೊದಲು ನೋಡಿ. ತಲೆ ಒಂದು ಕಡೆ ಕರಗಿದ್ದರೆ ನಾಜಲ್ ಡೀಸೆಲ್ ಸೋರಿಸುತ್ತಿದೆ. ಸ್ಕರ್ಟಿನ ಸುತ್ತ ನಾಲ್ಕಾರು ಕಡೆ ಉಜ್ಜಿದ ಗೀರುಗಳಿದ್ದರೆ ಬಿಸಿ ಹೆಚ್ಚಾಗಿದೆ. ರೇಡಿಯೇಟರ್, ವಾಟರ್ ಪಂಪ್, ಥರ್ಮೋಸ್ಟಾಟ್ ಹುಡುಕಿ. ಒಂದು ಬದಿಯ ಮೇಲ್ಭಾಗ, ಎದುರು ಬದಿಯ ಕೆಳಭಾಗ ಉಜ್ಜಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ. ಸ್ಕರ್ಟ್ ಪೂರ್ತಿ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿ, ಗ್ರೂವ್‌ಗಳು ಅಗಲವಾಗಿದ್ದರೆ ಅದು ಧೂಳಿನ ಕೆಲಸ. ಸಂಡೂರು, ಹೊಸಪೇಟೆ ಕಡೆ ಅದಿರು ಸಾಗಿಸುವ ಲಾರಿಗಳವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಫಿಲ್ಟರ್ ಹೊಸದಾಗಿದ್ದರೂ ಅದರಿಂದಾಚೆಯ ಹೋಸಿನಲ್ಲಿ ಒಂದು ಸೀಳಿದ್ದರೆ ಅದಿರಿನ ಪುಡಿ ನೇರ ಬೋರಿಗೆ ಹೋಗುತ್ತದೆ. ಕಾರಣ ಸರಿಪಡಿಸದೆ ಹಾಕಿದ ಎಷ್ಟೇ ಒಳ್ಳೆಯ ಪಿಸ್ಟನ್ನಿಗೂ ಅದೇ ಗತಿ.

ಇನ್ನೊಂದು ಕಾರಣ ಹೋನಿಂಗ್ ಪುಡಿ. ಡೀಸೆಲಿನಿಂದ ತೊಳೆದರೆ ಅದು ಪೂರ್ತಿ ಹೋಗುವುದಿಲ್ಲ. ಬಿಸಿ ನೀರು, ಸೋಪು, ಗಟ್ಟಿ ಬ್ರಷ್ಷಿನಿಂದ ಉಜ್ಜಿ ಒರೆಸಿ, ಆಯಿಲ್ ಸವರಿದ ಬಿಳಿ ಬಟ್ಟೆಯಲ್ಲಿ ಕಪ್ಪು ಕಾಣದಾಗುವವರೆಗೆ ತೊಳೆಯಬೇಕು.

ಕೆಲಸ ಮುಗಿದ ಮೇಲೆ ಮೊದಲ ಬಾರಿಗೆ ಹೇಗೆ ಓಡಿಸಬೇಕು?

ಗಂಟೆಗಟ್ಟಲೆ ನಿಂತಲ್ಲೇ ಓಡಿಸಿ ರನ್ನಿಂಗ್ ಮಾಡಿಸುವ ರೂಢಿ ಬಿಡಿ. ಐಡಲಿನಲ್ಲಿ ಒತ್ತಡ ಸಾಲದೆ ರಿಂಗ್ ಬೋರಿಗೆ ಒತ್ತಿ ಕೂರುವುದಿಲ್ಲ. ಬೋರ್ ನುಣುಪಾಗಿ ಹೊಳಪು ಹಿಡಿದರೆ ಆಯಿಲ್ ಕುಡಿಯುವುದು ಖಾಯಂ. ಆಯಿಲ್ ಒತ್ತಡ, ನೀರಿನ ಸೋರಿಕೆ ನೋಡಿಕೊಂಡು ಬೇಗ ರಸ್ತೆಗಿಳಿಸಿ. ಮೊದಲ ಸಾವಿರ ಕಿಲೋಮೀಟರ್‌ವರೆಗೆ ಅರ್ಧ ಲೋಡು, ಏರಿಳಿಯುವ ವೇಗ, ಏರಿನಲ್ಲಿ ಬೇಗ ಗೇರ್ ಇಳಿಸುವುದು. ಕಬ್ಬಿನ ಹಂಗಾಮಿನ ನಡುವೆ ಎಂಜಿನ್ ಇಳಿಸಿದವರಿಗೆ ಇದು ಕಷ್ಟ. ಸಾಧ್ಯವಿದ್ದರೆ ಹಂಗಾಮಿಗೆ ಮುಂಚೆಯೇ ಕೆಲಸ ಮಾಡಿಸಿ. ಮೊದಲ ಆಯಿಲ್ ಮತ್ತು ಫಿಲ್ಟರನ್ನು ಅವಧಿಗೆ ಮುಂಚೆ ಬದಲಿಸಿ, ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಿ. ಸಣ್ಣ ಬೂದು ಪುಡಿ ಸಹಜ. ಹೊಳೆಯುವ ಚೂರುಗಳಿದ್ದರೆ ಲೋಡ್ ಹೇರುವ ಮೊದಲು ಮೆಕ್ಯಾನಿಕ್‌ಗೆ ತೋರಿಸಿ. ಡಿಪ್‌ಸ್ಟಿಕ್ಕನ್ನು ಪ್ರತಿದಿನ ಬೆಳಿಗ್ಗೆ ಸಮತಟ್ಟಾದ ಒಂದೇ ಜಾಗದಲ್ಲಿ ನೋಡಿ, ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಹಾಕಿದಿರಿ ಎಂದು ಬರೆದಿಡಿ. ವಾರದಿಂದ ವಾರಕ್ಕೆ ಹಾಕಬೇಕಾದ ಆಯಿಲ್ ಕಡಿಮೆಯಾಗುತ್ತಿದ್ದರೆ ರಿಂಗ್ ಕೂರುತ್ತಿದೆ. ಮೊದಲ ಕೆಲವು ಸಾವಿರ ಕಿಲೋಮೀಟರ್ ಕಳೆದರೂ ಕಡಿಮೆಯಾಗದಿದ್ದರೆ ಆ ಪುಸ್ತಕವನ್ನೂ ಬಿಲ್ಲನ್ನೂ ಹಿಡಿದುಕೊಂಡು ಕೆಲಸ ಮಾಡಿದವರ ಬಳಿ ಹೋಗಿ.